ಮಕ್ಕಳ ಚಿತ್ರಪುಸ್ತಕ

ಚಿತ್ರಪುಸ್ತಕವೆಂದರೆ ಚಿತ್ರಗಳಿಂದ ಸಿಂಗರಿಸಿದ ಕಥೆಯಲ್ಲ. ಅಲ್ಲಿ ಅರ್ಧ ಕಥೆಯನ್ನು ಮಾತು ಹೇಳಿದರೆ ಉಳಿದರ್ಧವನ್ನು ಚಿತ್ರ ಹೇಳುತ್ತದೆ. ಎರಡೂ ಒಂದನ್ನೇ ಹೇಳಿದರೆ ಮಗುವಿಗೆ ಹುಡುಕುವ ಸುಖವಿಲ್ಲ. ಬರೆಯುವವರೂ ಬಿಡಿಸುವವರೂ ಒಬ್ಬರೇ ಆದಾಗ ಈ ಹಂಚಿಕೆ ಸಹಜವಾಗುತ್ತದೆ.

ಇಂಥ ಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟಗಳು. ಅಚ್ಚಿನ ಹಾಳೆಯನ್ನು ಮಡಚಿದಾಗ 16ರ ಲೆಕ್ಕದಲ್ಲಿ ಪುಟಗಳಾಗುವುದೇ ಇದಕ್ಕೆ ಕಾರಣ. ಆದ್ದರಿಂದ ಪ್ರತಿಯೊಂದು ಪುಟವೂ ಅಳೆದು ಬಳಸಬೇಕಾದುದು. ಸವಣೂರಿನ ದೊಡ್ಡಹುಣಸೆ ಮರಗಳಲ್ಲೊಂದು 2023ರಲ್ಲಿ ಉರುಳಿತು. ಅದನ್ನು ಎತ್ತಿ ಮತ್ತೆ ನೆಟ್ಟರು. ಬಲ್ಲ ಕಲಾವಿದನು ಬಲಪುಟದಲ್ಲಿ 'ಮರ ಬಿತ್ತು' ಎಂದಷ್ಟೇ ಬರೆದು, ಹಾಳೆ ತಿರುವಿದೊಡನೆ ಮಾತಿಲ್ಲದೆ ಎದ್ದು ನಿಂತ ಮರವನ್ನು ತೋರಿಸುವನು.

ಶಿವರಾಮ ಕಾರಂತರು 1936ರಷ್ಟು ಹಿಂದೆಯೇ 'ಬಾಲಪ್ರಪಂಚ'ದ ಮೂರು ಸಂಪುಟಗಳಲ್ಲಿ ಚಿತ್ರಗಳೊಡನೆ ಲೋಕಜ್ಞಾನವನ್ನು ಕನ್ನಡದ ಮಕ್ಕಳ ಕೈಗಿತ್ತರು. ಅಷ್ಟರಿಂದ ಕೆಲಸ ಮುಗಿಯದು. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳ ಎಷ್ಟೋ ಮನೆಗಳಲ್ಲಿ, ನಮ್ಮ ಮನೆಯಲ್ಲಿಯಂತೆ, ಅವ್ವನಿಗೆ ಅಕ್ಷರ ಬಾರದು. ಅಂಥ ಅವ್ವನೂ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಓದಬಲ್ಲ ಪುಸ್ತಕವೆಂದರೆ ಇದೊಂದೇ. ವಿದ್ಯಾರ್ಥಿಮಿತ್ರರೇ, ಮನೆತನದಲ್ಲಿ ಮೊದಲ ಪದವೀಧರರಾಗಲಿರುವ ನಾವು ನಮ್ಮೂರ ಮಕ್ಕಳಿಗೆ ಇಂಥದೊಂದನ್ನು ಮಾಡಿಕೊಡಬಾರದೇಕೆ?