ಗೆರೆಯಾಗಿ ಕುಗ್ಗಿದ ಪ್ಯಾಕ್‌ಮ್ಯಾನ್

ಪ್ಯಾಕ್‌ಮ್ಯಾನ್ ಎಂಬ, ಓಣಿಗಳಲ್ಲಿ ಭೂತಗಳಿಂದ ತಪ್ಪಿಸಿಕೊಂಡು ಓಡುವ ವಿಡಿಯೊ ಆಟದ ಪೆಟ್ಟಿಗೆಯೊಂದು ಎದುರಿಗಿದೆ ಎಂದುಕೊಳ್ಳಿ. ಆಳೆತ್ತರದ, ಪಕ್ಕಗಳಿಗೆ ಹಳದಿ ಬಣ್ಣ ಬಳಿದ ಮರದ ಪೆಟ್ಟಿಗೆ. ಸ್ವಿಚ್ ಹಾಕಿ, ನಾಣ್ಯ ಇಳಿಬಿಟ್ಟು ಸ್ಟಾರ್ಟ್ ಗುಂಡಿ ಒತ್ತಿದರೆ ಆಟ ಶುರುವಾಗುವ ಆ ಪರಿಚಿತ ರಾಗ ಕೇಳುತ್ತದೆ. ಪರದೆಯ ಮೇಲೆ ಮಾತ್ರ ಓಣಿಗಳೂ ಇಲ್ಲ, ಭೂತಗಳೂ ಇಲ್ಲ. ನಟ್ಟನಡುವೆ ಮೇಲಿನಿಂದ ಕೆಳಗಿನವರೆಗೆ ಕಣ್ಣು ಕುಕ್ಕುವ ಒಂದೇ ಒಂದು ಗೆರೆ.

ದೂರದರ್ಶನದ ಕಾಲ ಕಂಡವರಿಗೆ ಈ ಗೆರೆ ಹೊಸದಲ್ಲ. ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾಗುವ ಹೊತ್ತಿಗೆ ಸರಿಯಾಗಿ ಚಿತ್ರ ಅಡ್ಡಗೆರೆಯಾಗಿ ಮಡಚಿಕೊಂಡರೆ ಇಡೀ ಬೀದಿ ಟೀವಿ ಮೆಕ್ಯಾನಿಕ್‌ನ ಮನೆಗೆ ಓಡುತ್ತಿತ್ತು. ಆತ ನೋಡಿದ ಕೂಡಲೇ "ವರ್ಟಿಕಲ್ ಹೋಗಿದೆ" ಎನ್ನುತ್ತಿದ್ದ. ಚಿತ್ರವನ್ನು ಮೇಲೆ-ಕೆಳಗೆ ಹರಡುವ ಭಾಗ ಸತ್ತಿದೆ ಎಂದರ್ಥ. ಪ್ಯಾಕ್‌ಮ್ಯಾನ್ ಪೆಟ್ಟಿಗೆಯಲ್ಲಿ ಹೋಗಿರುವುದೂ ಅದೇ. ಗೆರೆ ಮಲಗುವ ಬದಲು ನಿಂತಿದೆ, ಅಷ್ಟೆ. ಈ ಆಟಕ್ಕಾಗಿ ಪಿಕ್ಚರ್ ಟ್ಯೂಬನ್ನೇ 90 ಡಿಗ್ರಿ ತಿರುಗಿಸಿ ಕೂರಿಸಿದ್ದಾರೆ. ಇದು ತಿಳಿಯದ ಹೊಸಬರು ಚಿತ್ರವನ್ನು ಅಡ್ಡಕ್ಕೆ ಹರಡುವ ಹಾರಿಜಾಂಟಲ್ ಭಾಗವನ್ನು ಬಿಚ್ಚಿಟ್ಟುಕೊಂಡು ದಿನಗಟ್ಟಲೆ ಹುಡುಕುತ್ತಾರೆ.

ನಾಣ್ಯ ಹಾಕಿ ಆಡುವ ಆರ್ಕೇಡ್ ಪೆಟ್ಟಿಗೆಗಳ ಮಾನಿಟರ್ ರಿಪೇರಿ ಎಂಬ ಕಸುಬು ಇಲ್ಲಿಂದಲೇ ಶುರುವಾಗುತ್ತದೆ: ಮೊದಲು ಕೆಟ್ಟ ಚಿತ್ರವನ್ನು ಓದಬೇಕು, ಬೆಸುಗೆಯ ಕಡ್ಡಿ ಹಿಡಿಯುವುದು ಆಮೇಲೆ. ಟ್ಯೂಬಿನ ಹಿಂಬದಿಯಿಂದ ಹೊರಟ ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ ಸುಮಾರು 15,700 ಗೆರೆ ಎಳೆಯುತ್ತಾ ಗಾಜಿಗೆ ಬಳಿದ ಫಾಸ್ಫರ್ ಲೇಪವನ್ನು ಬೆಳಗಿಸುತ್ತದೆ. ಹಾಗೆ ಇಡೀ ಪರದೆ ಸೆಕೆಂಡಿಗೆ 60 ಬಾರಿ ತುಂಬುತ್ತದೆ. ಕಿರಣವನ್ನು ಎಳೆದಾಡಿಸುವುದು ಟ್ಯೂಬಿನ ಕುತ್ತಿಗೆಗೆ ತೊಡಿಸಿದ ಯೋಕ್ ಎಂಬ ತಾಮ್ರದ ಸುರುಳಿ. ಆ ಕಿರಣವನ್ನು ಪರದೆಯತ್ತ ಸೆಳೆಯುವ 20 ಸಾವಿರಕ್ಕೂ ಮೀರಿದ ವೋಲ್ಟೇಜು ಹುಟ್ಟುವುದು ಹಾರಿಜಾಂಟಲ್ ವಿಭಾಗದ ಬೆನ್ನಿಗಿರುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್‌ನಲ್ಲಿ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇಎಚ್‌ಟಿ. ಹಾರಿಜಾಂಟಲ್ ವಿಭಾಗವೇ ಸತ್ತರೆ ಇಎಚ್‌ಟಿಯೂ ಸತ್ತು ಪರದೆ ಪೂರ್ತಿ ಕಪ್ಪಾಗುತ್ತದೆ. ಗೆರೆಯಾದರೂ ಕಾಣುತ್ತಿದೆ ಎಂದರೆ ಮಾನಿಟರಿನ ಅರ್ಧ ಭಾಗ ಆರೋಗ್ಯವಾಗಿದೆ ಎಂದೇ ಅರ್ಥ. ಹುಡುಕುವ ಜಾಗ ಒಮ್ಮೆಲೇ ಅರ್ಧಕ್ಕಿಳಿಯಿತು.

ಆಗ ತಕ್ಷಣ ಮಾಡಬೇಕಾದ ಕೆಲಸ ಬ್ರೈಟ್‌ನೆಸ್ ತಗ್ಗಿಸುವುದು. ಇಡೀ ಪರದೆಗೆ ಹಂಚಿಹೋಗಬೇಕಿದ್ದ ಕಿರಣ ಒಂದೇ ಗೆರೆಯ ಮೇಲೆ ಬೀಳುತ್ತಿರುತ್ತದೆ. ಹಾಗೆಯೇ ಬಿಟ್ಟರೆ ಅಲ್ಲಿನ ಫಾಸ್ಫರ್ ಲೇಪ ಸುಟ್ಟುಹೋಗಿ, ರಿಪೇರಿ ಆದ ಮೇಲೂ ಆ ಗೆರೆ ಕಲೆಯಾಗಿ ಉಳಿದುಬಿಡುತ್ತದೆ. ಆಮೇಲೆ ಆರಿಸಿ, ಪ್ಲಗ್ ಕಿತ್ತು, ಟ್ಯೂಬಿನಲ್ಲಿ ಉಳಿದ ವಿದ್ಯುತ್ತನ್ನು ಇಳಿಸಬೇಕು. ಆರಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಸ್ಕ್ರೂಡ್ರೈವರ್‌ನ ಲೋಹಕ್ಕೆ ಒಂದು ವೈರ್ ಕಚ್ಚಿಸಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನ ಮೇಲಿನ ಹೆಣೆದ ಅರ್ಥ್ ತಂತಿಗೆ ಸಿಕ್ಕಿಸಿ, ಇಎಚ್‌ಟಿ ವೈರ್ ಟ್ಯೂಬಿಗೆ ಸೇರುವ ಕಡೆಯ ರಬ್ಬರ್ ಬಟ್ಟಲಿನ ಅಂಚಿನಡಿ ಮೊನೆಯನ್ನು ನಿಧಾನ ತೂರಿಸುತ್ತಾರೆ. ಇನ್ನೊಂದು ಕೈ ಬೆನ್ನ ಹಿಂದೆ. 'ಚಟ್' ಎಂದು ಸದ್ದಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, ಏಕೆಂದರೆ ಗಾಜು ಹಿಡಿದಿಟ್ಟುಕೊಂಡ ಚಾರ್ಜು ಮರಳಿ ಒಟ್ಟಾಗುತ್ತದೆ. ಓದಿ ಕಲಿಯುವ ಕೆಲಸ ಇದಲ್ಲ, ಬಲ್ಲವರ ಪಕ್ಕ ನಿಂತೇ ಕಲಿಯಬೇಕು.

ಬೋರ್ಡನ್ನು ಹೊರತೆಗೆದು ಬೆನ್ನು ಮೇಲಾಗಿ ತಿರುಗಿಸಿ, ದೀಪದ ಕೆಳಗೆ ಭೂತಗನ್ನಡಿ ಹಿಡಿದರೆ ಬಹಳ ಸಲ ಉತ್ತರ ಅಲ್ಲೇ ಇರುತ್ತದೆ. ಯೋಕ್‌ನ ವೈರುಗಳು ಬಂದು ಸೇರುವ ಪಿನ್ನುಗಳ ಬುಡದಲ್ಲಿ, ಬೆಸುಗೆಯ ಗುಬ್ಬಿಯ ನಡುವೆ, ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಇದೇ ಡ್ರೈ ಸೋಲ್ಡರ್. 40 ವರ್ಷ ಬೆಳಿಗ್ಗೆ ಕಾದು ರಾತ್ರಿ ತಣಿದು ಬೆಸುಗೆ ಬಿರುಕು ಬಿಟ್ಟಿದೆ. ಹಳೆಯದನ್ನು ಪೂರ್ತಿ ಹೀರಿ ತೆಗೆದು ಹೊಸದು ಹಾಕಬೇಕು. ಹಳೆಯದರ ಮೇಲೆಯೇ ಒಂದಿಷ್ಟು ಮೆತ್ತಿದರೆ ತಿಂಗಳೊಪ್ಪತ್ತಿನಲ್ಲಿ ಗೆರೆ ಮತ್ತೆ ಬರುತ್ತದೆ. ಅಲ್ಲಿ ಬಿರುಕಿಲ್ಲದಿದ್ದರೆ ಮಾತ್ರ ವರ್ಟಿಕಲ್ ಔಟ್‌ಪುಟ್ ಟ್ರಾನ್ಸಿಸ್ಟರ್, ಅದಕ್ಕೆ ಕರೆಂಟು ಕೊಡುವ ರೆಸಿಸ್ಟರ್, ಕಂಡೆನ್ಸರ್ ಎಂದು ಮೀಟರ್ ಹಿಡಿದು ಮುಂದಕ್ಕೆ ಹೋಗುವುದು.

ಬಣ್ಣ ಕೆಟ್ಟಾಗ ಪ್ಯಾಕ್‌ಮ್ಯಾನ್ ಇನ್ನೂ ಚೆನ್ನಾಗಿ ಮಾತಾಡುತ್ತದೆ. ನೀಲಿ ಹೋದರೆ ಓಣಿಗಳ ಗೋಡೆಗಳೇ ಹೆಚ್ಚುಕಡಿಮೆ ಮಾಯವಾಗಿ ಭೂತಗಳು ಬಯಲಲ್ಲಿ ಅಲೆಯುತ್ತಿರುವಂತೆ ಕಾಣುತ್ತವೆ. ಕೆಂಪು ಹೋದರೆ ಹಳದಿ ಪ್ಯಾಕ್‌ಮ್ಯಾನ್ ಹಸಿರಾಗುತ್ತಾನೆ, ಕೆಂಪು ಭೂತದ ಮೈ ಕತ್ತಲಲ್ಲಿ ಕರಗಿ ಬರೀ ಎರಡು ಕಣ್ಣು ಬೆನ್ನಟ್ಟಿ ಬರುತ್ತವೆ. ತಪ್ಪು ಆಟದ ಬೋರ್ಡಿನದೋ ಮಾನಿಟರಿನದೋ? ಒಂದು ಪೈಸೆ ಖರ್ಚಿಲ್ಲದೆ ತಿಳಿಯುವ ಉಪಾಯವಿದೆ. ಕರೆಂಟು ತೆಗೆದು, ಮಾನಿಟರಿಗೆ ಬರುವ ಕೆಂಪು ಮತ್ತು ಹಸಿರು ಸಿಗ್ನಲ್ ವೈರುಗಳನ್ನು ಅದಲುಬದಲು ಮಾಡಿ ನೋಡಿ. ಪರದೆಯಲ್ಲಿ ಕೆಂಪು ಬಂದು ಹಸಿರು ಹೋದರೆ ಮಾನಿಟರ್ ನಿರಪರಾಧಿ, ಬೋರ್ಡನ್ನೂ ವೈರನ್ನೂ ಹಿಡಿಯಬೇಕು. ಆಗಲೂ ಕೆಂಪು ಬಾರದಿದ್ದರೆ ಟ್ಯೂಬಿನ ಬಾಲಕ್ಕೆ ಸಿಕ್ಕಿಸಿದ ಪುಟ್ಟ ನೆಕ್ ಬೋರ್ಡಿನಲ್ಲಿ ಕೆಂಪಿನ ಟ್ರಾನ್ಸಿಸ್ಟರನ್ನು ನೋಡಬೇಕು. ನನಗೆ ಈ ಕಸುಬಿನಲ್ಲಿ ಅತಿ ಇಷ್ಟವಾದ ಪರೀಕ್ಷೆ ಇದು.

ಚಿತ್ರದ ಅಂಚು ಹಾವಿನಂತೆ ಬಳುಕುತ್ತಾ, ಮಬ್ಬು ಪಟ್ಟಿಯೊಂದು ನಿಧಾನ ಮೇಲೇರುತ್ತಿದ್ದರೆ ದೊಡ್ಡ ಫಿಲ್ಟರ್ ಕಂಡೆನ್ಸರ್ ಒಣಗಿದೆ. ಮೂಲೆಗಳಲ್ಲಿ ಮಾತ್ರ ಬಣ್ಣ ಕದಡಿದ್ದರೆ ಟ್ಯೂಬಿನ ಒಳಗಿನ ಲೋಹದ ಜಾಲರಿಗೆ ಅಯಸ್ಕಾಂತ ಹತ್ತಿದೆ, ಡಿಗಾಸಿಂಗ್ ಸುರುಳಿ ಸುತ್ತಿಸಿದರೆ ಸಾಕು. ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ ಸಾಮಾನ್ಯವಾಗಿ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುತ್ತದೆ. ಅಂಥ ಹೊತ್ತಿನಲ್ಲಿ ಅಮೆರಿಕದ ರಿಪೇರಿಯವರೂ ನಮ್ಮವರೂ ಒಂದೇ ಕೆಲಸ ಮಾಡುತ್ತಾರೆ: ಫ್ಯೂಸಿನ ಜಾಗಕ್ಕೆ 100 ವಾಟ್‌ನ ಸೀರೀಸ್ ಬಲ್ಬ್. ಬಲ್ಬ್ ಜಗ್ಗನೆ ಉರಿದೇ ಉರಿದರೆ ಶಾರ್ಟ್ ಇನ್ನೂ ಇದೆ. ಇಬ್ಬರೂ ಹಿಂದೆ ಕೂತು ಹೊಂದಿಸುವಾಗ ಪರದೆಯ ಎದುರು ಕನ್ನಡಿಯೊಂದನ್ನು ನಿಲ್ಲಿಸಿಕೊಳ್ಳುತ್ತಾರೆ.

ಈ ಪೆಟ್ಟಿಗೆಗಳ ಒಳಗೆ ಮೊದಲು ಇದ್ದದ್ದು ಟೀವಿಯೇ. 1972ರಲ್ಲಿ ಅಟಾರಿಯ ಎಂಜಿನಿಯರ್ ಅಲನ್ ಆಲ್ಕಾರ್ನ್ ಪಾಂಗ್ ಆಟದ ಮೊದಲ ಮಾದರಿಗೆ ಹಿಟಾಚಿಯ ಸಾಧಾರಣ ಕಪ್ಪು-ಬಿಳುಪು ಟೀವಿ ಬಳಸಿದರು. ಕ್ಯಾಲಿಫೋರ್ನಿಯಾದ ಸನಿವೇಲ್‌ನ ಮದ್ಯದಂಗಡಿಯಲ್ಲಿಟ್ಟ ಆ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟಿತೆಂದು ಕರೆ ಬಂತು. ಹೋಗಿ ನೋಡಿದರೆ ಚಿತ್ರಕ್ಕೂ ಸರ್ಕ್ಯೂಟಿಗೂ ಏನೂ ಆಗಿರಲಿಲ್ಲ, ನಾಣ್ಯದ ಡಬ್ಬಿ ತುಂಬಿ ತುಳುಕುತ್ತಿತ್ತು. 1978ರ ಸ್ಪೇಸ್ ಇನ್ವೇಡರ್ಸ್ ಕೂಡ ಕಪ್ಪು-ಬಿಳುಪೇ. ಗಾಜಿನ ಮೇಲೆ ಬಣ್ಣದ ಹಾಳೆಯ ಪಟ್ಟಿ ಹಚ್ಚಿ ಬಣ್ಣ ಬರಿಸಿದ್ದರು. 1980ರಲ್ಲಿ ಜಪಾನಿನ ನಾಮ್ಕೊ ಪ್ಯಾಕ್‌ಮ್ಯಾನ್ ತಂದಾಗ ಬಣ್ಣದ ಮಾನಿಟರುಗಳ ಸುಗ್ಗಿ. ಶಿಕಾಗೋದಲ್ಲಿ 1925ರಲ್ಲಿ ಶುರುವಾಗಿ ಮೊದಲು ರೇಡಿಯೊ ಮಾಡುತ್ತಿದ್ದ ವೆಲ್ಸ್-ಗಾರ್ಡನರ್, ಕೆನಡಾದ ಕಿಚನರ್ ಊರಿನ ಎಲೆಕ್ಟ್ರೋಹೋಮ್ ಎರಡೂ ಅಮೆರಿಕದ ಪೆಟ್ಟಿಗೆಗಳಿಗೆ 19 ಇಂಚಿನ ಮಾನಿಟರ್ ಒದಗಿಸಿದವು. ಎಲೆಕ್ಟ್ರೋಹೋಮ್‌ನ ಜಿ07 ಮಾನಿಟರ್ ಬಿಚ್ಚಿದವರೆಲ್ಲರ ಬಾಯಲ್ಲಿ ಒಂದು ಅಂಕಿ ಇದ್ದೇ ಇರುತ್ತದೆ: 120 ವೋಲ್ಟ್. ಅದರ ಮುಖ್ಯ ಸಪ್ಲೈ ಅಷ್ಟಿರಬೇಕು. ಮೊದಲು ಅದನ್ನು ಅಳೆದು ನೋಡಿಯೇ ಮುಂದಿನ ಮಾತು.

ಟೆಂಪೆಸ್ಟ್‌ನಂಥ (1981) ವೆಕ್ಟರ್ ಆಟಗಳ ಮಾನಿಟರ್ ಬೇರೆಯೇ ಜಾತಿ. ಅಲ್ಲಿ ಕಿರಣ ಸಾಲುಸಾಲಾಗಿ ಓಡದೆ, ರಂಗೋಲಿಯ ಎಳೆಯಂತೆ ನೇರ ಚಿತ್ರವನ್ನೇ ಬರೆಯುತ್ತದೆ. ಅದು ನಿಂತಲ್ಲೇ ನಿಂತರೆ ಫಾಸ್ಫರ್ ಲೇಪಕ್ಕೆ ತೂತು ಬಿದ್ದಂತೆ. ಅದಕ್ಕೇ ಕಿರಣವನ್ನು ಆರಿಸುವ ಕಾವಲು ಸರ್ಕ್ಯೂಟ್ ಇದೆ. ಅದರ ಕೆಂಪು ದೀಪ ಉರಿಯುತ್ತಿದ್ದರೆ ಕಾವಲುಗಾರನನ್ನು ದೂರದೆ, ಆತನನ್ನು ಎಬ್ಬಿಸಿದ್ದು ಏನು ಎಂದು ಹುಡುಕಬೇಕು.

ಇತ್ತೀಚೆಗೆ ಒಂದು ರೂಢಿ ಬೆಳೆದಿದೆ. ಚಿತ್ರ ಕೆಟ್ಟ ಕೂಡಲೇ ಕಂಡೆನ್ಸರುಗಳ ಇಡೀ ಕಿಟ್ ತರಿಸಿ ಎಲ್ಲವನ್ನೂ ಬದಲಿಸಿಬಿಡುವುದು. ಹಳೆಯ ಕಂಡೆನ್ಸರ್ ಒಣಗಿರುವುದು ನಿಜ, ಬದಲಿಸಲೇಬೇಕು ಎನ್ನುವುದೂ ನಿಜ. ಆದರೆ ಚಿತ್ರ ಓದುವ ಮುನ್ನ ಬದಲಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಇಪ್ಪತ್ತರಲ್ಲಿ ಒಂದನ್ನು ಪ್ಲಸ್-ಮೈನಸ್ ತಿರುಗಿಸಿ ಹಾಕಿದರೂ ಹೊಸ ದೋಷ ಹುಟ್ಟುತ್ತದೆ, ಹಳೆಯದು ಯಾವುದು ನಾವು ತಂದುಕೊಂಡದ್ದು ಯಾವುದು ಎಂದು ಆಮೇಲೆ ಬಿಡಿಸಲಾಗುವುದಿಲ್ಲ. ಟ್ಯೂಬ್ ಕಿತ್ತು ಎಲ್‌ಸಿಡಿ ಕೂರಿಸುವುದಂತೂ ನನಗೆ ಒಪ್ಪಿಗೆಯೇ ಇಲ್ಲ. ಆ ಕಾಲದ ಕಲಾವಿದರು ಬೆಳಕಿನ ಚುಕ್ಕಿಗಳು ಒಂದಕ್ಕೊಂದು ಕಲೆತು ದುಂಡಾಗುವುದನ್ನು ಕಣ್ಣಾರೆ ನೋಡುತ್ತಾ ಚಿತ್ರ ಕೂಡಿಸಿದವರು. ಎಲ್‌ಸಿಡಿಯಲ್ಲಿ ಅದು ಚೌಕಚೌಕವಾಗಿ ಒಡೆಯುತ್ತದೆ.

ಬೋರ್ಡಿನ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಡೆನ್ಸರ್, ಟ್ರಾನ್ಸಿಸ್ಟರ್ ಕೇಳಿದರೆ ಇಲ್ಲ ಎನ್ನುವವರಿಲ್ಲ. ಸಿಗದಿರುವುದು ಟ್ಯೂಬು. ನಮ್ಮ ಬಿಇಎಲ್ ಕೂಡ ಒಂದು ಕಾಲಕ್ಕೆ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್ ತಯಾರಿಸುತ್ತಿತ್ತು. ಈಗ ದೊಡ್ಡ ಕಾರ್ಖಾನೆಗಳೆಲ್ಲ ಆ ಕೆಲಸ ಬಿಟ್ಟಿವೆ. ಕುತ್ತಿಗೆಯ ಗಾಜು ಒಂದಿಷ್ಟು ಸೀಳಿ ಗಾಳಿ ಒಳಹೊಕ್ಕರೆ ಆ ಟ್ಯೂಬ್ ಅಲ್ಲಿಗೆ ಮುಗಿಯಿತು. ಅದಕ್ಕೇ ರಿಪೇರಿಯವರು ಹಳೆಯ ಟೀವಿಗಳನ್ನು ಗುಜರಿಯಿಂದ ಬಿಡಿಸಿ ತಂದು, ಪಿನ್ನುಗಳೂ ಯೋಕ್‌ನ ಓಮ್ ಲೆಕ್ಕವೂ ಹೊಂದಿದರೆ ಅವುಗಳ ಟ್ಯೂಬನ್ನು ಆಟದ ಪೆಟ್ಟಿಗೆಗೆ ಕಸಿ ಮಾಡುತ್ತಾರೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಲಕೋನಿಯಾದಲ್ಲಿ, 1952ರಲ್ಲಿ ಶುರುವಾದ ಫನ್‌ಸ್ಪಾಟ್ ಎಂಬ ಆಟದ ಮನೆಯ ಒಳಗೆ ಅಮೆರಿಕನ್ ಕ್ಲಾಸಿಕ್ ಆರ್ಕೇಡ್ ಮ್ಯೂಸಿಯಂ ಇದೆ. ಅಲ್ಲಿ ಈ ಪೆಟ್ಟಿಗೆಗಳನ್ನು ಗಾಜಿನ ಹಿಂದಿಟ್ಟು ತೋರಿಸುವುದಿಲ್ಲ, ಟೋಕನ್ ಹಾಕಿ ಆಡಬಹುದು. ಬಾಸ್ಟನ್ ಕಡೆಯ ಕನ್ನಡಿಗರಿಗೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಹೋದರೆ ಟೋಕನ್ ಹಾಕುವ ಮುನ್ನ ಒಂದು ನಿಮಿಷ ಪರದೆಯನ್ನೇ ನೋಡಿ. ನಾಲ್ಕು ಮೂಲೆ ಸರಿಯಿವೆಯೇ, ಗೋಡೆಗಳು ನೀಲಿಯಾಗಿವೆಯೇ, ಕೆಂಪು ಭೂತಕ್ಕೆ ಮೈ ಇದೆಯೇ ಎಂದು ನೋಡಿ. ಏನಾದರೂ ಕೊರತೆ ಕಂಡರೆ ಅಲ್ಲಿನ ಸಿಬ್ಬಂದಿಗೆ ತಿಳಿಸಿ.