ನೀರು ಬೇಡದ ಬಂಗಾರದ ಹೂ: ತಂಗಡಿ



ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ನಮ್ಮ ಹಳ್ಳಿಗಳಲ್ಲಿ ಹೂಗಿಡಕ್ಕೆ ನೀರೆಲ್ಲಿಂದ ತರುವುದು ಎಂದು ತಾಯಂದಿರು ಕೇಳುವುದುಂಟು. ಉತ್ತರ ನಮ್ಮ ಕಲ್ಲುಗುಡ್ಡಗಳಲ್ಲೇ ಇದೆ. ಅದೇ ತಂಗಡಿ. ಆವರಿಕೆ ಎಂದೂ ಕರೆಯುತ್ತಾರೆ, ತೆಲುಗಿನಲ್ಲಿ ತಂಗೇಡು. 1953ರಲ್ಲಿ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಗಡಿಯ ಈಚೆಗೂ ಆಚೆಗೂ ಈ ಗಿಡ ಒಂದೇ. ತೆಲಂಗಾಣದಲ್ಲಿ ಬತುಕಮ್ಮ ಹಬ್ಬಕ್ಕೆ ಇದೇ ಹೂ ಬೇಕು. 2014ರಲ್ಲಿ ಅಲ್ಲಿಯ ಸರ್ಕಾರ ಇದನ್ನು ರಾಜ್ಯದ ಹೂವೆಂದು ಸಾರಿತು.

ಇದರ ತಾಯಿಬೇರು ನೆಲದೊಳಗೆ ಆಳಕ್ಕೆ ಇಳಿಯುತ್ತದೆ. ಬರ ತಡೆಯುವ ಗುಟ್ಟು ಅದೇ. ಆದ್ದರಿಂದ ಗುಡ್ಡದಿಂದ ದೊಡ್ಡ ಗಿಡ ಕಿತ್ತು ತರಬೇಡಿ. ಬೇರು ತುಂಡಾಗಿ ಗಿಡ ಒಣಗುತ್ತದೆ, ಗುಡ್ಡವೂ ಬರಿದಾಗುತ್ತದೆ. ಬೀಜವೇ ಲೇಸು.

ಚಪ್ಪಟೆ ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ ಬಿಡಿಸಿಕೊಳ್ಳಿ. ಬೀಜದ ಸಿಪ್ಪೆ ಬಲು ಗಟ್ಟಿ, ನೀರು ಒಳಗಿಳಿಯದು. ಒರಟು ಕಲ್ಲಿನ ಮೇಲೆ ಮೆಲ್ಲಗೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಜೂನ್ ಮಳೆ ಬಿದ್ದ ಮೇಲೆ ಗಿಡ ನಿಲ್ಲಬೇಕಾದ ಜಾಗದಲ್ಲೇ ಬಿತ್ತಿ. ಕೆಂಪು ಮಣ್ಣು, ಗರಸು, ಪೂರ್ತಿ ಬಿಸಿಲು ಇದಕ್ಕೆ ಹಿಡಿಸುತ್ತವೆ. ಹತ್ತಿ ಬೆಳೆವ ಎರೆಮಣ್ಣಾದರೆ ನೀರು ನಿಲ್ಲದಂತೆ ಮೊಳದೆತ್ತರ ದಿಬ್ಬ ಮಾಡಿ, ಗರಸು ಬೆರೆಸಿ. ಗಿಡದಿಂದ ಗಿಡಕ್ಕೆ ಎರಡು ಮೊಳ ಅಂತರವಿರಲಿ. ಮೊದಲ ಬೇಸಿಗೆ ದಾಟುವವರೆಗೆ ವಾರಕ್ಕೊಮ್ಮೆ ಒಂದು ತಂಬಿಗೆ ಪಾತ್ರೆ ತೊಳೆದ ನೀರು ಹಾಕಿದರೆ ಸಾಕು. ಸೋಪಿನ ನೀರು ಬೇಡ. ಆಮೇಲೆ ಮಳೆಯೇ ನೋಡಿಕೊಳ್ಳುತ್ತದೆ. ದನಕರು ಇದರ ಸೊಪ್ಪನ್ನು ಅಷ್ಟಾಗಿ ತಿನ್ನುವುದಿಲ್ಲ. ಹಾಗಾಗಿ ಹಿತ್ತಲ ಬೇಲಿಗೂ ಒಪ್ಪುತ್ತದೆ. ಹೂ ಮುಗಿದ ಮೇಲೆ ತುದಿ ಕತ್ತರಿಸಿದರೆ ಗಿಡ ದಟ್ಟವಾಗಿ ಕವಲೊಡೆಯುತ್ತದೆ.

ಎಲೆಯಲ್ಲಿ ಹಸಿರು ಹುಳು ಕಂಡರೆ ಔಷಧ ಹೊಡೆಯಬೇಡಿ. ಅವು ಬಹುಮಟ್ಟಿಗೆ ಚಿಟ್ಟೆಯ ಮರಿಗಳು. ತಿಂದ ಎಲೆ ಮತ್ತೆ ಚಿಗುರುತ್ತದೆ. ಹೂವಿನ ಪರಾಗಕ್ಕೆ ದುಂಬಿಗಳೂ ಬರುತ್ತವೆ. ಹತ್ತಿರದ ಬದನೆ, ಟೊಮೆಟೊ ಹೂಗಳಿಗೂ ಅವು ಹೋಗುವುದರಿಂದ ಕಾಯಿ ಕಚ್ಚಲು ಅನುಕೂಲ.

ತೊಗಟೆ ಹಿಂದಿನಿಂದಲೂ ಚರ್ಮ ಹದ ಮಾಡಲು ಬಳಕೆಯಲ್ಲಿದೆ. ಸಕ್ಕರೆ ಕಾಯಿಲೆಗೆ ಹೂವಿನ ಕಷಾಯ ಕುಡಿಯುವವರಿದ್ದಾರೆ. ಕುಡಿಯುವ ಮೊದಲು ಡಾಕ್ಟರನ್ನು ಕೇಳಿ. ಕಷಾಯವನ್ನು ನಂಬಿ ಅವರು ಕೊಟ್ಟ ಗುಳಿಗೆಯನ್ನು ಮಾತ್ರ ಯಾರೂ ನಿಲ್ಲಿಸಬಾರದು.

ಈ ಮಳೆಗಾಲಕ್ಕೆ ಮನೆಗೆ ನಾಲ್ಕು ಬೀಜ ಊರಿ. ಉಳಿದ ಬೀಜ ನೆರೆಮನೆಗೆ ಕೊಡಿ.