ಪುಟ್ಟ ಹೃದಯಕ್ಕೆ ಶಸ್ತ್ರಚಿಕಿತ್ಸೆ: ಒಂದು ಕುಟುಂಬದ ಅನುಭವ

ಮನೆಯ ಹಿರಿಯರೊಬ್ಬರು ಆಸ್ಪತ್ರೆಗೆ ಸೇರಿದರೆ ಏನು ಮಾಡಬೇಕೆಂಬುದು ನಮ್ಮ ಕುಟುಂಬಗಳಿಗೆ ತಿಳಿದಿದೆ. ರಾತ್ರಿ ಯಾರು ನಿಲ್ಲಬೇಕು, ಗಂಜಿ ಯಾರ ಮನೆಯಿಂದ ಹೋಗಬೇಕು, ಸ್ವಾಮಿಗಳಿಗೆ ಯಾವಾಗ ಹೇಳಿಕಳುಹಿಸಬೇಕು ಎಂಬುದೆಲ್ಲ ಯಾರೂ ಹೇಳಿಕೊಡದೆ ನಡೆದುಹೋಗುತ್ತದೆ. ಆದರೆ ಶಸ್ತ್ರಚಿಕಿತ್ಸೆಗೆ ಹೋಗಬೇಕಾದುದು ನಾಲ್ಕು ವರ್ಷವೂ ತುಂಬದ ಮಗುವಾದರೆ ಆ ತಿಳಿವಳಿಕೆಯೆಲ್ಲ ಸಾಲದೆ ಬರುತ್ತದೆ. ಸಕಲೇಶಪುರದ ಕಡೆಯ ಕಥೋಲಿಕ ಕುಟುಂಬವೊಂದು 2023ರಲ್ಲಿ ಹಾದುಬಂದ ದಾರಿಯನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ನಿರೂಪಿಸಲಾಗಿದೆ. ಹೆಸರುಗಳು ಬೇಡವೆಂಬುದು ಅವರ ಇಚ್ಛೆ.

ತಂದೆ ಕಾಫಿ ತೋಟವೊಂದರಲ್ಲಿ ರೈಟರು. ತಾಯಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು. ಎರಡನೆಯ ತರಗತಿಯಲ್ಲಿ ಓದುವ ಮಗ, ಅವನ ಬೆನ್ನಿಗೆ ಹುಟ್ಟಿದ ಮಗಳು. ಈ ಮಗಳು ಹಸುಗೂಸಾಗಿದ್ದಾಗ ಹಾಲು ಕುಡಿಯುತ್ತ ನಡುನಡುವೆ ಬಿಟ್ಟು ಏದುಸಿರು ಬಿಡುತ್ತಿದ್ದಳು, ಹಣೆ ಬೆವರುತ್ತಿತ್ತು. ಮಳೆಗಾಲ ಬಂತೆಂದರೆ ಕಫ, ಜ್ವರ. ಮಲೆನಾಡಿನ ಥಂಡಿಗೆ ಹೀಗೆಯೇ ಎಂದು ನೆರೆಹೊರೆಯವರು ಸಮಾಧಾನ ಹೇಳಿದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬ ಯೋಜನೆ 2013ರಲ್ಲಿ ಆರಂಭವಾದ ಮೇಲೆ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅಂಥ ಒಂದು ತಂಡದ ವೈದ್ಯೆ ಈ ಮಗುವಿನ ಎದೆಯ ಮೇಲೆ ಸ್ಟೆತಾಸ್ಕೋಪನ್ನು ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಹಾಸನದ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿಂದ ಬೆಂಗಳೂರಿಗೆ.

ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ಎಂಟು ಮಿಲಿಮೀಟರ್ ಅಗಲದ ರಂಧ್ರ. ಸಾವಿರ ಶಿಶುಗಳು ಹುಟ್ಟಿದರೆ ಸುಮಾರು ಎಂಟು ಶಿಶುಗಳಿಗೆ ಹೃದಯದ ಒಂದಿಲ್ಲೊಂದು ಜನ್ಮಜಾತ ದೋಷವಿರುತ್ತದೆ. ಅವುಗಳಲ್ಲಿ ಬಹು ಸಾಮಾನ್ಯವಾದ ದೋಷಗಳಲ್ಲಿ ಇದೊಂದು. ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದೊಡ್ಡದಾದರೆ ಶುದ್ಧರಕ್ತದ ಒಂದು ಪಾಲು ದೇಹಕ್ಕೆ ಹೋಗುವ ಬದಲು ಮತ್ತೆ ಶ್ವಾಸಕೋಶಗಳಿಗೆ ನುಗ್ಗುತ್ತದೆ. ವರ್ಷಗಳು ಕಳೆದಂತೆ ಅಲ್ಲಿನ ರಕ್ತನಾಳಗಳು ಗಡುಸಾಗಿ, ಒಂದು ಹಂತ ದಾಟಿದ ಮೇಲೆ ರಂಧ್ರವನ್ನು ಮುಚ್ಚುವುದೇ ಪ್ರಾಣಕ್ಕೆ ಅಪಾಯವಾಗುತ್ತದೆ. ಔಷಧ ಕೊಟ್ಟು ಇನ್ನೆರಡು ವರ್ಷ ನೋಡೋಣವೆಂದು ತಂದೆ ಕೇಳಿದ್ದಕ್ಕೆ ವೈದ್ಯರು ಹೀಗೆಂದೇ ವಿವರಿಸಿದರು. ಚೀಟಿಯ ಹಿಂಬದಿಯಲ್ಲಿ ನಾಲ್ಕು ಚೌಕಗಳನ್ನು ಬರೆದು ತೋರಿಸಿದರಂತೆ. ಆ ಚೀಟಿ ಇಂದಿಗೂ ಅವರ ಮನೆಯ ಬೈಬಲ್ಲಿನೊಳಗಿದೆ.

ಊರಿಗೆ ಮರಳಿದಾಗ ಅಜ್ಜಿ ಕೇಳಿದ ಮೊದಲ ಪ್ರಶ್ನೆ, ಬಸುರಿಯಾಗಿದ್ದಾಗ ಸೊಸೆ ಗ್ರಹಣ ನೋಡಿದ್ದಳೇ ಎಂಬುದು. ಮುದುಕಿಯದು ದುರುದ್ದೇಶವಲ್ಲ, ಆದರೆ ಆ ಒಂದು ಮಾತು ಹಲವು ರಾತ್ರಿ ತಾಯಿಯ ನಿದ್ದೆ ಕೆಡಿಸಿತು. ಹೃದಯದ ಆ ಗೋಡೆ ಪೂರ್ಣಗೊಳ್ಳುವುದು ಗರ್ಭಧಾರಣೆಯ ಏಳೆಂಟನೆಯ ವಾರಕ್ಕೆ, ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿಯೆಂಬುದು ಖಚಿತವಾಗುತ್ತಿರುವ ಹೊತ್ತಿಗೆ. ಹೆಚ್ಚಿನ ಮಕ್ಕಳಲ್ಲಿ ಇದಕ್ಕೆ ಇಂಥದೇ ಕಾರಣವೆಂದು ಬೊಟ್ಟುಮಾಡಿ ತೋರಿಸಲಾಗದು. ಮಗುವಿನ ಕಾಯಿಲೆಗೆ ತಾಯಿಯ ನಡತೆಯಲ್ಲಿ ಕಾರಣ ಹುಡುಕುವ ಚಾಳಿ ನಮ್ಮ ಮನೆಗಳಿಂದ ಇನ್ನೂ ಹೋಗಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕಾಗಿದೆ.

ಶಸ್ತ್ರಚಿಕಿತ್ಸೆಯ ವೆಚ್ಚ ಸರ್ಕಾರದ ಯೋಜನೆಯಲ್ಲಿ ಭರಿಸಲ್ಪಟ್ಟಿತು. ಬಸ್ಸಿನ ಖರ್ಚು, ಕೋಣೆ ಬಾಡಿಗೆ, ಕೈತಪ್ಪಿದ ಸಂಬಳ ಮಾತ್ರ ಅವರದೇ. ಗೊತ್ತಾದ ದಿನಕ್ಕೆ ಹೊರಟು ಹೋದರೆ ಮಗುವಿಗೆ ನೆಗಡಿ. ಅರಿವಳಿಕೆ ಕೊಡುವಾಗ ಶ್ವಾಸನಾಳಕ್ಕೆ ತೊಂದರೆಯಾದೀತೆಂದು ತಜ್ಞರು ನಾಲ್ಕು ವಾರ ಮುಂದೂಡಿ ಹಿಂದಕ್ಕೆ ಕಳುಹಿಸಿದರು. ತೋಟದಲ್ಲಿ ರಜೆ ಮುಗಿಯುತ್ತ ಬಂದಿತ್ತು. ಶಸ್ತ್ರಚಿಕಿತ್ಸೆಗಿಂತ ಈ ನಾಲ್ಕು ವಾರಗಳೇ ಹೆಚ್ಚು ಭಾರವಾದವೆಂದು ತಂದೆ ಹೇಳುತ್ತಾರೆ.

ಆ ವಾರಗಳಲ್ಲಿ ಮನೆಯೊಳಗೊಂದು ವಾದ ನಡೆಯಿತು. ಆನೆ ನೋಡಲು ಬೆಂಗಳೂರಿಗೆ ಹೋಗುವುದೆಂದು ಮಗುವಿಗೆ ಹೇಳಿಬಿಡಿ, ಸುಮ್ಮನೆ ಯಾಕೆ ಹೆದರಿಸುತ್ತೀರಿ ಎಂಬುದು ಬಂಧುಗಳ ಸಲಹೆ. ತಾಯಿ ಒಪ್ಪಲಿಲ್ಲ. ಮಗಳ ಬಟ್ಟೆಯ ಗೊಂಬೆಯ ಎದೆಯನ್ನು ಬಿಚ್ಚಿ, ಒಳಗಿನಿಂದ ತುಂಡು ಬಟ್ಟೆಯೊಂದನ್ನು ಇಟ್ಟು, ಮತ್ತೆ ಹೊಲಿದು ತೋರಿಸಿದರು. "ನಿನಗೆ ಡಾಕ್ಟರು ನಿದ್ದೆ ಬರಿಸುತ್ತಾರೆ. ನಿದ್ದೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಎದ್ದಮೇಲೆ ನೋಯುತ್ತದೆ ಕಂದ, ಆದರೆ ನೋವು ದಿನದಿನಕ್ಕೆ ಕಡಿಮೆಯಾಗುತ್ತದೆ" ಎಂದು ಹೇಳಿದರು. ಅವರಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಮಕ್ಕಳ ಆಸ್ಪತ್ರೆಗಳಲ್ಲಿ ಗೊಂಬೆಗಳನ್ನಿಟ್ಟುಕೊಂಡು ಇದೇ ರೀತಿ ಮಗುವನ್ನು ಸಿದ್ಧಗೊಳಿಸುವ ಪದ್ಧತಿಯಿದೆ ಎಂಬುದು ಅವರಿಗೆ ಆಮೇಲೆ ತಿಳಿದುಬಂತು.

ದಾಖಲಾದ ಸಂಜೆ ಒಪ್ಪಿಗೆ ಪತ್ರ ಮುಂದಿಟ್ಟರು. ಇಂಥ ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣಾಪಾಯ ನೂರಕ್ಕೆ ಒಂದರಷ್ಟೆಂದು ವೈದ್ಯರು ಧೈರ್ಯ ಹೇಳಿದರು. "ನನಗಿರುವುದು ನೂರು ಮಕ್ಕಳಲ್ಲವಲ್ಲ ಡಾಕ್ಟರೇ" ಎಂದು ತಂದೆ ಅಂದರು. ಅಂದು ಸಹಿ ಹಾಕಿದರು. ರಕ್ತ ಕೊಡಲು ಬೆಂಗಳೂರಿನಲ್ಲಿದ್ದ ಬಂಧುಗಳ ಧರ್ಮಕೇಂದ್ರದಿಂದ ನಾಲ್ವರು ಯುವಕರು ಬಂದಿದ್ದರು. ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆಯೆಂದು ಒಬ್ಬನನ್ನು ಕೈಬಿಟ್ಟರು. ಅವನು ತನ್ನ ತಮ್ಮನನ್ನು ಕರೆತಂದ. ರೋಗಿಗಳ ಅಭ್ಯಂಗ ಸಂಸ್ಕಾರ ಕೊಡಿಸಬೇಕೆಂದು ಕೆಲವರು ಹೇಳಿದಾಗ, ಅದು ವಿವೇಚನೆಯ ವಯಸ್ಸಿಗೆ ಬಂದವರಿಗೆ ಮಾತ್ರವೆಂದು ಸ್ವಾಮಿಗಳು ತಿಳಿಸಿ, ಮಗುವಿನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಹೋದರು.

ಬೆಳಗಿನ ಜಾವ ಐದಕ್ಕೆ ಮಗು ಹಾಲು ಕೇಳಿತು. ಆರು ಗಂಟೆಗಳ ಉಪವಾಸವಿರಬೇಕೆಂಬ ನಿಯಮ, ಕೊಡುವಂತಿಲ್ಲ. ತಂದೆಯೂ ಕಾಫಿ ಮುಟ್ಟಲಿಲ್ಲ. ಏಳೂವರೆಗೆ ಒಳಗೆ ಹೋದ ಮಗು ಹೊರಗೆ ಬರುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಎದೆಮೂಳೆಯನ್ನು ಸೀಳಿ, ಹೃದಯದ ಬಡಿತವನ್ನು ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಹರಿಸಿ, ರಂಧ್ರಕ್ಕೆ ತೇಪೆ ಹೊಲಿದರು.

ಈ ಯಂತ್ರದ ಹಿಂದೆಯೂ ಒಬ್ಬ ತಂದೆಯ ಕಥೆಯಿದೆ. 1954ರ ಮಾರ್ಚ್ 26ರಂದು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಡಾ. ವಾಲ್ಟನ್ ಲಿಲ್ಲೆಹೈ 13 ತಿಂಗಳ ಗಂಡುಮಗುವೊಂದರ ಹೃದಯ ತೆರೆದು ಇಂಥದೇ ರಂಧ್ರವನ್ನು ಮುಚ್ಚಿದರು. ನೆಚ್ಚಿಕೊಳ್ಳಬಹುದಾದ ಯಂತ್ರ ಆಗ ಇರಲಿಲ್ಲ. ಮಗುವಿನ ತಂದೆಯನ್ನೇ ಪಕ್ಕದ ಮೇಜಿನ ಮೇಲೆ ಮಲಗಿಸಿ, ಕೊಳವೆಗಳಿಂದ ಇಬ್ಬರ ರಕ್ತಪರಿಚಲನೆಯನ್ನು ಜೋಡಿಸಿ, ತಂದೆಯ ಹೃದಯ ಮತ್ತು ಶ್ವಾಸಕೋಶಗಳ ಬಲದಿಂದ ಅಷ್ಟು ಹೊತ್ತು ಮಗುವನ್ನು ಉಳಿಸಿಕೊಂಡರು. ಹನ್ನೊಂದು ದಿನಗಳ ಬಳಿಕ ಆ ಮಗು ನ್ಯುಮೋನಿಯಾದಿಂದ ತೀರಿಕೊಂಡಿತು. ಆದರೂ ಇದೇ ಕ್ರಮದಲ್ಲಿ ನಡೆದ 45 ಶಸ್ತ್ರಚಿಕಿತ್ಸೆಗಳಲ್ಲಿ 28 ಮಂದಿ ಬದುಕಿ ಮನೆಗೆ ಮರಳಿದರು. ಈ ವಿಷಯವನ್ನು ನಾನು ಹೇಳಿದಾಗ ನಮ್ಮ ತೋಟದ ರೈಟರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರಗೆ ಬೆಂಚಿನ ಮೇಲೆ ಕೂರುವುದಕ್ಕಿಂತ ಅದು ಸುಲಭವಾಗಿತ್ತು" ಎಂದರು.

ತೀವ್ರ ನಿಗಾ ಘಟಕದಲ್ಲಿ ದಿನಕ್ಕೆ ಎರಡು ಬಾರಿ, ಹತ್ತು ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಮೊದಲ ದಿನ ಗಂಟಲಲ್ಲಿ ಉಸಿರಾಟದ ನಳಿಕೆಯಿದ್ದುದರಿಂದ ಮಗು ಅತ್ತರೂ ಧ್ವನಿಯಿಲ್ಲ, ಕಣ್ಣೀರು ಮಾತ್ರ. ಮರುದಿನ ನಳಿಕೆ ತೆಗೆದರು. ಅವಳು ಅಮ್ಮನಿಗಾಗಿ ಗಂಟೆಗಟ್ಟಲೆ ಅತ್ತಳಂತೆ. ಮೂರನೆಯ ದಿನ ತಾಯಿ ಒಳಗೆ ಹೋದಾಗ ಮಗಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಕರೆದರೂ ತಿರುಗಲಿಲ್ಲ. "ತುಂಬ ಒಳ್ಳೆಯ ಮಗು, ಈಗ ಅಳುವುದೇ ಇಲ್ಲ" ಎಂದಳು ಎಳೆಯ ದಾದಿಯೊಬ್ಬಳು.

ಅಳದ ಮಗು ಒಳ್ಳೆಯ ಮಗುವೆಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲವೊಂದಿತ್ತು. ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ತಂದೆತಾಯಿಗಳಿಗೆ ವಾರಕ್ಕೊಮ್ಮೆ ಮಾತ್ರ ಪ್ರವೇಶವಿತ್ತು. ಅವರು ಬಂದು ಹೋದರೆ ಮಕ್ಕಳು ಅಳುತ್ತವೆಂಬುದೇ ಕಾರಣ. ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತ, ಹೊಕ್ಕುಳಿನ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದ ಹುಡುಗಿಯ ಚಲನಚಿತ್ರ ತೆಗೆದು 1952ರಲ್ಲಿ ವೈದ್ಯರಿಗೆ ತೋರಿಸಿದರು. ಮಗು ಮೊದಲು ಪ್ರತಿಭಟಿಸುತ್ತದೆ, ಬಳಿಕ ನಿರಾಶೆಗೊಳ್ಳುತ್ತದೆ, ಕೊನೆಗೆ ತಾಯಿ ಬಂದರೂ ಬೇಡವೆಂಬಂತೆ ಇರುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ವೈದ್ಯರ ಸಭೆಯಲ್ಲಿ ಭಾರೀ ವಿರೋಧ ಬಂತು. ಆದರೆ 1959ರಲ್ಲಿ ಅಲ್ಲಿನ ಪ್ಲಾಟ್ ಸಮಿತಿ, ಮಕ್ಕಳ ವಾರ್ಡುಗಳನ್ನು ಪೋಷಕರಿಗೆ ತೆರೆದಿಡಬೇಕೆಂದೂ ಎಳೆಯ ಮಕ್ಕಳ ಜೊತೆ ತಾಯಿ ಉಳಿಯಲು ಅನುಕೂಲ ಕಲ್ಪಿಸಬೇಕೆಂದೂ ವರದಿ ಕೊಟ್ಟಿತು. ನಮ್ಮ ವಾರ್ಡುಗಳಲ್ಲಿ ತಾಯಿ ಮಗುವಿನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುವುದು ವಾಡಿಕೆ. ಆ ಚಾಪೆಯನ್ನು ಹಿಂದುಳಿದ ಪದ್ಧತಿಯೆಂದು ನಗುವವರು ಈ ಚರಿತ್ರೆಯನ್ನು ತಿಳಿಯಬೇಕು. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಮಾತ್ರ ಆ ವಾಡಿಕೆ ನಿಂತುಹೋಗುತ್ತದೆ. ಸೋಂಕಿನ ಭಯ ನಿಜವಾದುದೇ. ಆದರೆ ಕೈ ತೊಳೆದು, ಗೌನು ತೊಟ್ಟು ಕುಳಿತ ಒಬ್ಬ ತಾಯಿಗೂ ಬಂಧುಗಳ ಗುಂಪಿಗೂ ವ್ಯತ್ಯಾಸವಿಲ್ಲವೇ?

ಆ ವ್ಯತ್ಯಾಸ ಬಲ್ಲ ಹಿರಿಯ ದಾದಿಯೊಬ್ಬರು ಅಂದು ರಾತ್ರಿ ಪಾಳಿಯಲ್ಲಿದ್ದರು. ತಾಯಿಯನ್ನು ಕರೆಸಿ, ಸ್ಟೂಲು ಹಾಕಿಕೊಟ್ಟರು. ಮಗಳ ಅಂಗೈಯೊಳಗೆ ಬೆರಳಿಟ್ಟು ತಾಯಿ ಕುಳಿತರು. ಬಹಳ ಹೊತ್ತಿನ ಮೇಲೆ ಮಗು ತಿರುಗಿ ನೋಡಿ, ಬಾಯಿ ತೆರೆದು ಅಳತೊಡಗಿತು. ಅರ್ಧ ಗಂಟೆ ಅತ್ತಿತು. ಅಳಲಿ ಬಿಡಿ, ಶ್ವಾಸಕೋಶಕ್ಕೂ ಒಳ್ಳೆಯದು ಎಂದರಂತೆ ಆ ದಾದಿ.

ಎಂಟನೆಯ ದಿನ ಬಿಡುಗಡೆ. ಎದೆಮೂಳೆ ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಬಾರದು, ಕತ್ತಿನ ಹಿಂದೆ ಒಂದು ಕೈ, ತೊಡೆಯ ಕೆಳಗೆ ಒಂದು ಕೈ ಕೊಟ್ಟು ಎತ್ತಬೇಕು. ಹಲ್ಲುಗಳಲ್ಲಿ ಹುಳುಕಾಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಅಲ್ಲಿನ ರೋಗಾಣುಗಳು ರಕ್ತದ ಮೂಲಕ ಹೃದಯಕ್ಕೆ ತಲುಪಬಲ್ಲವು. ಮನೆಗೆ ಬಂದ ಮೇಲೆ ಮಗು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿತು. ತಾಯಿ ಬಚ್ಚಲಿಗೆ ಹೋದರೂ ಹಿಂದೆಯೇ. ಎರಡು ತಿಂಗಳಲ್ಲಿ ಅದು ತಾನಾಗಿಯೇ ಕಡಿಮೆಯಾಯಿತು. ಜೀಪು ತುಂಬ ಬಂಧುಗಳು ಹಾರ್ಲಿಕ್ಸ್ ಬಾಟಲಿ ಹಿಡಿದು ಗಾಯದ ಗುರುತು ನೋಡಲು ಬಂದರು. ತಂದೆ ಜಗಲಿಯಲ್ಲೇ ಎಲ್ಲರಿಗೂ ಕಾಫಿ ಕೊಟ್ಟು ಕಳುಹಿಸಿದರು. ಕೆಲವರು ಮುನಿಸಿಕೊಂಡರಂತೆ, ಮುನಿಸಿಕೊಳ್ಳಲಿ.

ಈ ಗದ್ದಲದಲ್ಲಿ ಎಲ್ಲರೂ ಮರೆತಿದ್ದವನು ಅಣ್ಣ. ಅಜ್ಜಿಯ ಬಳಿ ಬಿಟ್ಟು ಹೋದ ದಿನಗಳಲ್ಲಿ ಅವನು ಶಾಲೆಯಲ್ಲಿ ಮಾತೇ ಆಡುತ್ತಿರಲಿಲ್ಲವೆಂದು ಟೀಚರು ಹೇಳಿಕಳುಹಿಸಿದ್ದರು. ಒಂದು ರಾತ್ರಿ ಅಜ್ಜಿಯೊಡನೆ ಜಪಸರ ಮುಗಿಸಿ ಎದ್ದವನು, ತಾನು ತಂಗಿಯನ್ನು ಜಗಲಿಯಿಂದ ತಳ್ಳಿದ್ದರಿಂದಲೇ ತೂತಾಯಿತೇ ಎಂದು ಕೇಳಿದ. ಗ್ರಹಣದ ಮಾತೆತ್ತಿದ್ದ ಅದೇ ಅಜ್ಜಿ, ಹುಟ್ಟುವ ಮೊದಲೇ ಇದ್ದ ತೂತು ಅದು, ಯಾರಿಂದಲೂ ಆದದ್ದಲ್ಲವೆಂದು ಮೊಮ್ಮಗನಿಗೆ ಬಿಡಿಸಿ ಹೇಳಿದರು. ಮೂರು ತಿಂಗಳ ತಪಾಸಣೆಗೆ ಹೋಗುವಾಗ ಅವನನ್ನೂ ಕರೆದೊಯ್ದರು. ತಂಗಿಯ ತೇಪೆ ಚೆನ್ನಾಗಿ ಕೂತಿದೆ, ಇನ್ನೊಂದು ವರ್ಷಕ್ಕೆ ಬನ್ನಿ ಎಂದ ವೈದ್ಯರು, ಅವನ ಎದೆಯ ಮೇಲೂ ಎಕೋ ಯಂತ್ರದ ಸಲಕರಣೆಯನ್ನಿಟ್ಟು ಪರದೆಯಲ್ಲಿ ಮಿಡಿಯುವ ನಾಲ್ಕು ಕೋಣೆಗಳನ್ನು ತೋರಿಸಿದರು. ತನ್ನ ವರದಿಯನ್ನು ತನ್ನ ಕೈಗೇ ಕೊಡಬೇಕೆಂದು ಅವನು ಹಟ ಹಿಡಿದ. ಕೊಟ್ಟರು.